ಹಾಡಿದವನ ಹಕ್ಕು ಎಲ್ಲಿ ಹೋಯಿತು?

ಮಗ್ರಿಬ್ ಬಳಿಕದ ತರಗತಿ ಮುಗಿದು ಮಕ್ಕಳೆಲ್ಲ ಮನೆಗೆ ಹೋಗಿ ಆಗಿತ್ತು. ನಾವು ಹಾಜರಿ ಪುಸ್ತಕ ಮುಚ್ಚಿ ಲೈಟ್ ಆಫ್ ಮಾಡಬೇಕು ಅನ್ನುವಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲ ಹತ್ತಿರ ಬಂದು ನಿಂತ. ಅವನಿಗೆ ಈಗ 19 ವರ್ಷ. ಮೊಬೈಲ್ ಮುಂದೆ ಹಿಡಿದು, “ಉಸ್ತಾದ್, ಇದು ಎಂತ ಅಂತ ಸ್ವಲ್ಪ ನೋಡಿ” ಎಂದ.

ಅಕ್ಕನ ಮೈಲಾಂಜಿಯ ದಿನ ತೆಗೆದ ಚಿಕ್ಕ ವೀಡಿಯೋಕ್ಕೆ ತಾನೇ ಹಾಡಿದ್ದ ಒಂದು ಮದ್ಹ್ ಗೀತೆಯನ್ನು ಹಿನ್ನೆಲೆಗೆ ಸೇರಿಸಿ ಯೂಟ್ಯೂಬಿಗೆ ಹಾಕಿದ್ದ. ಸ್ವಲ್ಪ ಹೊತ್ತಿನಲ್ಲೇ ಸೂಚನೆ ಬಂದಿದೆ: ಈ ಧ್ವನಿಯ ಹಕ್ಕು ಬೇರೊಬ್ಬರದ್ದು, ಇದರಿಂದ ಜಾಹೀರಾತಿನ ಹಣ ಬಂದರೆ ಅದು ಅವರಿಗೆ ಹೋಗುತ್ತದೆ. ಧ್ವನಿ ಅವನದ್ದು. ಸಾಹಿತ್ಯ ಅವನೇ ಬ್ಯಾರಿ ಭಾಷೆಯಲ್ಲಿ ಬರೆದದ್ದು. ಆದರೂ ಹಾಡು ಅವನದ್ದಲ್ಲವಂತೆ!

ವಿಚಾರಿಸಿದಾಗ ವಿಷಯ ತಿಳಿಯಿತು. ಎರಡು ವರ್ಷದ ಹಿಂದೆ ಒಂದು ಚಾನೆಲಿನವರು ಈ ಹಾಡನ್ನು ರೆಕಾರ್ಡ್ ಮಾಡಿದ್ದರು. ಸ್ಟುಡಿಯೋ ಖರ್ಚು ಎಂದು ಇವನ ಉಮ್ಮನಿಂದಲೇ ಆರು ಸಾವಿರ ತೆಗೆದುಕೊಂಡಿದ್ದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎರಡು ಪುಟದ ಕಾಗದಕ್ಕೆ ಇವನಿಂದ ಸಹಿ ಹಾಕಿಸಿದ್ದರು. ಹಾಡು ಲಕ್ಷಗಟ್ಟಲೆ ಸಲ ಓಡಿತು. ಇವನ ಕೈಗೆ ಬಂದದ್ದು ಒಂದು ಫಲಕ ಮತ್ತು ಒಂದು ಶಾಲು.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ಆ ಕಾಗದವನ್ನು ಅವನು ಮೊದಲು ನಮ್ಮ ಹತ್ತಿರವೇ ತಂದಿದ್ದ. ನಾವು ಓದಲಿಲ್ಲ. “ಒಳ್ಳೆ ಕೆಲಸ ಅಲ್ಲವಾ ಮೋನೆ, ಸಹಿ ಹಾಕು, ಸವಾಬ್ ಸಿಗುತ್ತದೆ” ಎಂದು ಬೆನ್ನು ತಟ್ಟಿ ಕಳಿಸಿದ್ದೆವು. ಈ ಲೇಖನ ಬರೆಯಲು ಅದೇ ಕಾರಣ.

ವಾದ್ಯ ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಅದರ ಬಗ್ಗೆ ಉಲಮಾಗಳು ಹೇಳಿದ್ದಾರೆ, ಹೇಳುತ್ತಲೂ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ದಫ್ ಬಡಿದು ಹಾಡಿದರೂ, ಬರೀ ಬಾಯಲ್ಲಿ ಹಾಡಿದರೂ, ಹಾಡಿದವನ ಶ್ರಮದಿಂದ ಯಾರೋ ಹಣ ಮಾಡುತ್ತಿದ್ದಾರೆ ಅಂತಾದರೆ ಅದರಲ್ಲಿ ಅವನ ಪಾಲು ಎಷ್ಟು? ಇದು ಸಂಗೀತದ ಪ್ರಶ್ನೆ ಅಲ್ಲ, ಕೂಲಿಯ ಪ್ರಶ್ನೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ಮೂರನೇ ಕ್ಲಾಸಿನ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವೇ ಹಾಡುವವನ ವಿಷಯ ಬಂದಾಗ ಅದನ್ನು ಮರೆತುಬಿಡುತ್ತೇವೆ.

ಇದು ನಮ್ಮ ಊರಿನ ಹುಡುಗನೊಬ್ಬನ ಸಂಕಟ ಮಾತ್ರ ಅಲ್ಲ. ಇಡೀ ಮುಸ್ಲಿಂ ಜಗತ್ತು ಬಲ್ಲ ಗಾಯಕ ಸಾಮಿ ಯೂಸುಫ್ ಅವರಿಗೂ ಇಂಥದ್ದೇ ಆಗಿದೆ. 1980ರಲ್ಲಿ ಟೆಹ್ರಾನಿನಲ್ಲಿ ಹುಟ್ಟಿ ಲಂಡನಿನಲ್ಲಿ ಬೆಳೆದವರು ಅವರು. 2003ರಲ್ಲಿ ‘ಅಲ್ ಮುಅಲ್ಲಿಂ’ ಎಂಬ ಮೊದಲ ಆಲ್ಬಂ ಬಂತು, 2005ರಲ್ಲಿ ‘ಮೈ ಉಮ್ಮಾ’. ನಮ್ಮ ಊರಿನ ಮೀಲಾದ್ ಕಾರ್ಯಕ್ರಮಗಳಲ್ಲೂ ಮಕ್ಕಳು ಅವರ ಹಾಡು ಹಾಡುತ್ತಿದ್ದ ಕಾಲವೊಂದಿತ್ತು. ಅವೆರಡನ್ನೂ ಹೊರತಂದದ್ದು ಅವೇಕನಿಂಗ್ ಎಂಬ ಕಂಪನಿ. 2009ರಲ್ಲಿ ಅದೇ ಕಂಪನಿ ‘ವಿದೌಟ್ ಯು’ ಎಂಬ ಆಲ್ಬಂ ಬಿಡುಗಡೆ ಮಾಡಿತು. ಆಗ ಸಾಮಿ ಯೂಸುಫ್ ಬಹಿರಂಗವಾಗಿಯೇ ಹೇಳಿದರು: ಇದು ನನ್ನ ಒಪ್ಪಿಗೆ ಇಲ್ಲದೆ ಬಂದದ್ದು, ಇದರಲ್ಲಿ ಇರುವುದು ಪೂರ್ತಿಯಾಗದ ರೆಕಾರ್ಡಿಂಗ್, ದಯವಿಟ್ಟು ಕೊಳ್ಳಬೇಡಿ. ತನ್ನದೇ ಹಾಡನ್ನು ಕೊಳ್ಳಬೇಡಿ ಎಂದು ಹಾಡುಗಾರನೇ ಬೇಡಿಕೊಳ್ಳುವುದು ಎಷ್ಟು ಕಷ್ಟದ ಮಾತು, ಯೋಚಿಸಿ. ಆಮೇಲೆ ಅವರು ಬೇರೆ ಕಡೆಯಿಂದ 2010ರಲ್ಲಿ ‘ವೇರೆವರ್ ಯು ಆರ್’ ತಂದರು.

ಆ ಜಗಳದಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ. ನಮಗೆ ಬೇಕಾದ ಪಾಠ ಇಷ್ಟೇ: ಅಲ್ಲಾಹನ ಹೆಸರು, ಪ್ರವಾದಿಯ ಹೆಸರು ಇರುವ ಹಾಡಾದರೂ ಅದರ ವ್ಯಾಪಾರ ವ್ಯಾಪಾರವೇ. ವಸ್ತು ಪವಿತ್ರವಾದ ಮಾತ್ರಕ್ಕೆ ಲೆಕ್ಕವೂ ಪವಿತ್ರವಾಗಿಯೇ ಇರುತ್ತದೆ ಎನ್ನುವ ಗ್ಯಾರಂಟಿ ಇಲ್ಲ.

ಇನ್ನು ನಮ್ಮ ದೇಶದ್ದೇ ಒಂದು ಕಥೆ. ಮುಹಮ್ಮದ್ ರಫಿ ಸಾಹೇಬರ ಹೆಸರು ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. 1960ರ ದಶಕದಲ್ಲಿ ಅವರಿಗೂ ಲತಾ ಮಂಗೇಶ್ಕರ್ ಅವರಿಗೂ ಇದೇ ವಿಷಯಕ್ಕೆ ಭಿನ್ನಾಭಿಪ್ರಾಯ ಬಂತು. ರೆಕಾರ್ಡ್ ಮಾರಾಟದಲ್ಲಿ ಹಾಡುವವರಿಗೂ ರಾಯಲ್ಟಿ ಬೇಕು ಎಂದು ಲತಾ ಹಟ ಹಿಡಿದರು. ಹಾಡಿದ್ದಕ್ಕೆ ಒಪ್ಪಿದ ಹಣ ಸಿಕ್ಕಿ ಆಗಿದೆ, ನಿರ್ಮಾಪಕ ತನ್ನ ಹಣ ಹಾಕಿ ಅಪಾಯ ಮೈಮೇಲೆ ಎಳೆದುಕೊಂಡಿದ್ದಾನೆ, ಮತ್ತೆ ಕೇಳುವುದು ಸರಿಯಲ್ಲ ಎನ್ನುವುದು ರಫಿ ಸಾಹೇಬರ ನಿಲುವು. ಇದರಿಂದ ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲಿಲ್ಲ. ಕಡೆಗೆ ರಾಜಿಯಾಯಿತು.

ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನಮಗೆ ರಫಿ ಸಾಹೇಬರೇ ದೊಡ್ಡವರಾಗಿ ಕಂಡಿದ್ದರು. ಈಗಲೂ ಆ ಗೌರವ ಕಡಿಮೆ ಆಗಿಲ್ಲ. ತನಗೆ ಬರಬಹುದಾದ ಹಣವನ್ನು ತಾನೇ ಬೇಡ ಎನ್ನುವುದು ದೊಡ್ಡ ಗುಣ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುವುದು ಔದಾರ್ಯ. ಬೇರೆಯವನ ಹಕ್ಕನ್ನು ನಾವು ಬಿಟ್ಟುಕೊಡುವುದು ಔದಾರ್ಯ ಹೇಗಾದೀತು? ರಫಿ ಸಾಹೇಬರಿಗೆ ಮಾತಾದ ಕೂಲಿಯಾದರೂ ಕೈಗೆ ಬಂದಿತ್ತು. ನಮ್ಮ ಹುಡುಗನಿಗೆ ಕೂಲಿಯೂ ಇಲ್ಲ, ಮೇಲಿಂದ ಆರು ಸಾವಿರ ಅವನದ್ದೇ ಖರ್ಚು!

ಕಾನೂನು ಏನು ಹೇಳುತ್ತದೆ? ನಾವು ವಕೀಲರಲ್ಲ, ಪಿಯುಸಿ ಓದಿದವರು. ಆದರೂ ಈ ಘಟನೆಯ ಬಳಿಕ ತಿಳಿದವರ ಹತ್ತಿರ ಕೇಳಿ, ಓದಿ, ತಿಳಿದುಕೊಂಡದ್ದನ್ನು ಹೇಳುತ್ತೇವೆ.

ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ನಿರ್ಮಾಪಕ ಹಣ ಕೊಟ್ಟು ಮಾಡಿಸಿದ ಹಾಡಿಗೆ ಬೇರೆ ಕರಾರು ಇಲ್ಲದಿದ್ದರೆ ನಿರ್ಮಾಪಕನೇ ಒಡೆಯ ಎಂದು ಹೇಳಿತು. ಆದರೆ ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿದರು. ಹಾಡುಗಾರನಿಗೆ ಕಾನೂನಿನಲ್ಲಿ ಏನೂ ಉಳಿದಿಲ್ಲವಲ್ಲ, ಸಂಸತ್ತು ಇದರ ಬಗ್ಗೆ ಯೋಚಿಸಬೇಕು ಎನ್ನುವ ಅರ್ಥದ ಮಾತು ಅದು. ಸಂಸತ್ತು ಯೋಚಿಸಲು 35 ವರ್ಷ ತೆಗೆದುಕೊಂಡಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯ ಸದಸ್ಯರಾಗಿ ಇದಕ್ಕಾಗಿ ಬಹಳ ಹೋರಾಡಿದರು. ಕಡೆಗೆ ಕಾಯ್ದೆಗೆ ತಿದ್ದುಪಡಿ ಬಂದು 2012ರ ಜೂನ್ 21ರಿಂದ ಜಾರಿಯಾಯಿತು.

ಅದರಲ್ಲಿ ನಮ್ಮ ಮನೆಗಳಿಗೆ ಬೇಕಾದ ಮಾತುಗಳು ಕೆಲವು ಇವೆ. ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಲ್ಲ. ಬರೆದವನ ಹಕ್ಕು ಬೇರೆ, ರಾಗ ಹಾಕಿದವನದ್ದು ಬೇರೆ, ಹಾಡಿದವನದ್ದು ಬೇರೆ, ರೆಕಾರ್ಡ್ ಮಾಡಿಸಿದವನದ್ದು ಬೇರೆ. ಬರೆದವನು ಹಕ್ಕನ್ನು ಕಂಪನಿಗೆ ವಹಿಸಿಕೊಟ್ಟರೂ, ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಅವನಲ್ಲೇ ಉಳಿಯುತ್ತದೆ. ಅದನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಸಾಧ್ಯವಿಲ್ಲ. ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಹಾಡನ್ನು ವಾಣಿಜ್ಯಕ್ಕೆ ಬಳಸಿದರೆ ಹಾಡಿದವನಿಗೂ ರಾಯಲ್ಟಿ ಉಂಟು. ಹಕ್ಕು ವಹಿಸುವ ಕರಾರು ಲಿಖಿತವಾಗಿರಬೇಕು. ಅದರಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬರೆದವನು ತಾನು ಎಂದು ಹೇಳಿಕೊಳ್ಳುವ ಹಕ್ಕು, ಹಾಡನ್ನು ಕೆಡಿಸಿ ತನ್ನ ಮರ್ಯಾದೆಗೆ ಧಕ್ಕೆ ತಂದರೆ ತಡೆಯುವ ಹಕ್ಕು ಮಾರಾಟ ಆದ ಮೇಲೂ ಉಳಿಯುತ್ತದೆ. ಇನ್ನೊಂದು ಮಾತು ಬೇರೆ ಕಾಯ್ದೆಯದ್ದು, 1872ರ ಕರಾರು ಕಾಯ್ದೆಯದ್ದು. 18 ತುಂಬದವರು ಮಾಡಿಕೊಂಡ ಕರಾರಿಗೆ ಬಲವಿಲ್ಲ. ನಮ್ಮ ಹುಡುಗ ಸಹಿ ಹಾಕುವಾಗ ಅವನಿಗೆ 17.

ಕಾನೂನು ಇದ್ದ ಮಾತ್ರಕ್ಕೆ ನ್ಯಾಯ ಮನೆಬಾಗಿಲಿಗೆ ಬರುವುದಿಲ್ಲ ಎನ್ನುವುದೂ ಗೊತ್ತು. ‘ಮಾಣಿಕ್ಯ ಮಲರಾಯ ಪೂವಿ’ ಹಾಡಿನ ವಿಷಯ ನೆನಪಿಸಿಕೊಳ್ಳಿ. 2018ರ ಫೆಬ್ರವರಿಯಲ್ಲಿ ಒಂದು ಮಲಯಾಳ ಸಿನಿಮಾದಿಂದಾಗಿ ದೇಶವಿಡೀ ಅದೇ ಹಾಡು. ನಟಿ ಕಣ್ಣು ಹೊಡೆದದ್ದರ ಬಗ್ಗೆ ಟೀವಿಯಲ್ಲಿ ಚರ್ಚೆ, ಹಾಡಿನ ಬಗ್ಗೆ ಪೊಲೀಸ್ ದೂರು. ಸುಪ್ರೀಂ ಕೋರ್ಟ್ ಮೊದಲು ತಡೆ ಕೊಟ್ಟು, ಅದೇ ವರ್ಷ ಆಗಸ್ಟಿನಲ್ಲಿ ಎಫ್‌ಐಆರ್ ರದ್ದು ಮಾಡಿತು. ಇಷ್ಟೆಲ್ಲ ಗದ್ದಲದ ನಡುವೆ ಆ ಹಾಡು ಬರೆದವರು ಯಾರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಬರೆದವರು ತ್ರಿಶೂರು ಜಿಲ್ಲೆಯ ಪಿ.ಎಂ.ಎ. ಜಬ್ಬಾರ್. 1970ರ ದಶಕದಲ್ಲಿ ಬರೆದದ್ದು. ರಾಗ ಹಾಕಿ ಹಾಡಿದವರು ತಲಶ್ಶೇರಿ ರಫೀಕ್. ಸಿನಿಮಾ ಹಾಡಾಗುವ ಮೊದಲೇ 40 ವರ್ಷ ಮಲಬಾರಿನ ಮದುವೆ ಮನೆಗಳಲ್ಲಿ ಅದು ಬದುಕಿತ್ತು. ಹಾಡು ದೇಶವಿಡೀ ಸದ್ದು ಮಾಡುವಾಗ ಅದನ್ನು ಬರೆದವರು ರಿಯಾದಿನ ಒಂದು ದಿನಸಿ ಅಂಗಡಿಯಲ್ಲಿ ದುಡಿಯುತ್ತಿದ್ದರು.

ಗಲ್ಫಿನ ಬಕಾಲೆಯಲ್ಲಿ ನಿಂತು ದುಡಿದವರು ನಮ್ಮ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ಹಾಗಾಗಿ ಈ ಚಿತ್ರ ನಮಗೆ ಬೇಗ ಅರ್ಥವಾಗುತ್ತದೆ. ಇನ್ನೊಂದು ಸಂಗತಿ. ಆ ಹಾಡು ಇರುವುದೇ ಖದೀಜಾ ಬೀವಿ ಮತ್ತು ಪ್ರವಾದಿಯವರ ಮದುವೆಯ ಬಗ್ಗೆ. ಖದೀಜಾ ಬೀವಿ ದೊಡ್ಡ ವ್ಯಾಪಾರಿ. ಪ್ರವಾದಿಯವರು ಅವರ ಸರಕು ಹೊತ್ತು ಶಾಮಿಗೆ ಹೋಗಿ ಬಂದು, ಲೆಕ್ಕವನ್ನು ಚಾಚೂ ತಪ್ಪದೆ ಒಪ್ಪಿಸಿದವರು. ಲೆಕ್ಕದ ಪ್ರಾಮಾಣಿಕತೆಯಿಂದಲೇ ಆ ಮದುವೆಯ ಮಾತು ಹುಟ್ಟಿತು. ಅಂಥವರ ಬಗ್ಗೆ ಹಾಡು ಮಾಡಿ, ಅದರ ಲೆಕ್ಕವನ್ನೇ ಮುಚ್ಚಿಟ್ಟರೆ ಹೇಗೆ?

ನಮ್ಮ ಹಿರಿಯರು ಹೆಸರಿನ ವಿಷಯದಲ್ಲಿ ನಮಗಿಂತ ಜಾಣರಿದ್ದರು. ಮುಹ್ಯಿದ್ದೀನ್ ಮಾಲೆ ಬರೆದವರು ಕೋಝಿಕ್ಕೋಡಿನ ಖಾಝಿ ಮುಹಮ್ಮದ್, ಕಾಲ 1607 ಎಂದು ನಮಗೆ ಇವತ್ತೂ ಗೊತ್ತು. ಹೇಗೆ ಗೊತ್ತು? ಅವರು ತನ್ನ ಹೆಸರನ್ನೂ ಕೊಲ್ಲಂ ವರ್ಷವನ್ನೂ ಮಾಲೆಯ ಒಳಗೇ ಪೋಣಿಸಿ ಇಟ್ಟಿದ್ದಾರೆ. ನಾನೂರು ವರ್ಷದಿಂದ ಉಮ್ಮಮ್ಮಂದಿರು ಮಾಲೆ ಓದುವಾಗಲೆಲ್ಲ ಬರೆದವರ ಹೆಸರೂ ಬಾಯಿಗೆ ಬರುತ್ತದೆ. ಈಗಿನ ಹಾಡುಗಳಲ್ಲಿ ಚಾನೆಲಿನ ಲೋಗೋ ಮೂಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಇರುತ್ತದೆ. ಬರೆದವನ ಹೆಸರು ಎರಡು ಸೆಕೆಂಡು ಬಂದು ಹೋಗುತ್ತದೆ, ಕೆಲವೊಮ್ಮೆ ಅದೂ ಇಲ್ಲ.

ಬೈಯುವುದು ಸುಲಭ. ನಮ್ಮ ಕೈ ಶುದ್ಧವಾ ಎಂದೂ ನೋಡಬೇಕಲ್ಲ? ಕ್ಯಾಸೆಟ್ಟಿನ ಕಾಲ ನೆನಪಿದೆ. ಗಲ್ಫಿನಿಂದ ಬಂದವರು ಟೇಪ್ ರೆಕಾರ್ಡರ್ ತರುತ್ತಿದ್ದರು. ಎಸ್.ಎ. ಜಮೀಲ್ ಅವರ ಕತ್ತ್ ಪಾಟ್ಟ್ ಕೇಳಿ ಅತ್ತವರು ನಮ್ಮ ಕೇರಿಯಲ್ಲೂ ಇದ್ದರು. ಒಂದು ಮನೆಯವರು ಒಂದು ಕ್ಯಾಸೆಟ್ ಕೊಂಡರೆ ಹತ್ತು ಮನೆಯವರು ಖಾಲಿ ಕ್ಯಾಸೆಟ್ ಹಿಡಿದು ಬರುತ್ತಿದ್ದರು. ನಾವೂ ಹಾಗೆ ಕಾಪಿ ಮಾಡಿಸಿ ಕೇಳಿದವರೇ. ಅದು ಕಳ್ಳತನ ಎಂದು ಯಾರಿಗೂ ಅನ್ನಿಸಿರಲಿಲ್ಲ. ಈಗಲೂ ನಮ್ಮ ಹುಡುಗರು ಸಿನಿಮಾ ಹಾಡಿನ ರಾಗ ಎತ್ತಿಕೊಂಡು, ಅದಕ್ಕೆ ಮದ್ಹ್‌ನ ಸಾಲು ಹೊಂದಿಸಿ, ‘ಸಂಗೀತ’ ಎಂದು ತಮ್ಮದೇ ಹೆಸರು ಹಾಕುತ್ತಾರೆ. ಹಳೆಯ ಇಶಲ್‌ಗಳು ಎಲ್ಲರ ಸೊತ್ತು, ಅದರಲ್ಲಿ ಹಾಡಲು ಯಾರನ್ನೂ ಕೇಳಬೇಕಾಗಿಲ್ಲ. ಮೊನ್ನೆಯ ಸಿನಿಮಾ ರಾಗ ಹಾಗಲ್ಲ. ನಮಗೆ ನಮ್ಮ ಹಕ್ಕು ಬೇಕಾದರೆ ಬೇರೆಯವರ ಹಕ್ಕೂ ನಮ್ಮ ಕಣ್ಣಿಗೆ ಕಾಣಬೇಕು.

ನಮ್ಮ ಸಮುದಾಯದಲ್ಲಿ ಹಕ್ಕಿಗಾಗಿ ಎದ್ದು ನಿಂತವರು ಇಲ್ಲ ಎಂದಲ್ಲ. 2011ರ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡ ‘ಬ್ಯಾರಿ’ ಸಿನಿಮಾದ ಕಥೆ ತನ್ನ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದ್ದು ಎಂದು ಸಾರಾ ಅಬೂಬಕ್ಕರ್ ಕೋರ್ಟಿನ ಮೆಟ್ಟಿಲು ಹತ್ತಿದರು. ನಮ್ಮ ಭಾಷೆಯ ಸಿನಿಮಾಕ್ಕೆ ದೇಶದ ಮರ್ಯಾದೆ ಸಿಕ್ಕಿರುವಾಗ ಇದೆಲ್ಲ ಬೇಕಿತ್ತಾ ಎಂದವರೂ ಇದ್ದರು. ಸಾರಾ ಅವರ ಎಲ್ಲ ಬರಹವನ್ನು ನಾವು ಒಪ್ಪಿದವರಲ್ಲ. ಆದರೆ ತನ್ನ ಶ್ರಮ ತನ್ನದು ಎಂದು ಹೇಳುವ ಧೈರ್ಯಕ್ಕೆ ಸಲಾಂ ಹೇಳಬೇಕು.

ಚಾನೆಲಿನವರ ಮಾತನ್ನೂ ಕೇಳಬೇಕು. ಹುಡುಗನನ್ನು ಕರೆದುಕೊಂಡು, ಜಮಾಅತಿನ ಒಬ್ಬ ಹಿರಿಯರ ಜೊತೆ ನಾವು ಅವರ ಹತ್ತಿರ ಹೋಗಿದ್ದೆವು. ಅವರೂ ನಮ್ಮವರೇ, ಕೆಟ್ಟವರಲ್ಲ. ಚಹಾ ಕೊಟ್ಟು ಕೂರಿಸಿ ಲೆಕ್ಕ ಹೇಳಿದರು. “ಉಸ್ತಾದರೇ, ಕ್ಯಾಮರಾ ಸಾಲದಲ್ಲಿ ತಗೊಂಡದ್ದು. ಎಡಿಟಿಂಗ್‌ನವನಿಗೆ ಕೊಡಬೇಕು. ಹತ್ತು ಹಾಡು ಹಾಕಿದರೆ ಒಂದು ಓಡುತ್ತದೆ, ಒಂಬತ್ತು ಮಲಗುತ್ತದೆ. ಆ ಒಂಬತ್ತರ ನಷ್ಟ ಹುಡುಗರು ಕೊಡ್ತಾರಾ?” ಎಂದರು. ಈ ಮಾತಿನಲ್ಲಿ ಸತ್ಯ ಇಲ್ಲ ಎಂದು ನಾವು ಹೇಳುವುದಿಲ್ಲ. ಲಾಭದಲ್ಲಿ ದೊಡ್ಡ ಪಾಲು ಅವರು ಇಟ್ಟುಕೊಳ್ಳಲಿ. ಆದರೆ ಹುಡುಗನಿಂದಲೇ ಖರ್ಚು ವಸೂಲು ಮಾಡಿದ ಮೇಲೆ ನಷ್ಟದ ಮಾತು ಎಷ್ಟು ನಿಲ್ಲುತ್ತದೆ? ಅಪಾಯ ಹೊತ್ತವನಿಗೆ ಲಾಭ ಎನ್ನುವುದಾದರೆ ಆರು ಸಾವಿರದ ಅಪಾಯ ಹೊತ್ತದ್ದು ಇವನ ಉಮ್ಮ. ಎಷ್ಟು ಹಣ ಬಂತು ಎಂದು ತೋರಿಸಿ ಎಂದಾಗ ಅವರು ಮಾತು ಬದಲಿಸಿದರು. ನಮಗೆ ಬೇಸರವಾದದ್ದು ಅಲ್ಲಿ. ಪಾಲು ಕಡಿಮೆ ಆದರೂ ತೊಂದರೆ ಇಲ್ಲ, ಲೆಕ್ಕ ಕತ್ತಲೆಯಲ್ಲಿ ಇರಬಾರದು.

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಎಂದು ಕೇಳಿದರೆ ನಮ್ಮ ಮದ್ರಸದ ಮಕ್ಕಳು ತಟ್ಟನೆ ಹೇಳುತ್ತಾರೆ: ಅಲ್ ಬಕರ, 282. ಅದು ಇರುವುದು ಎಂತದರ ಬಗ್ಗೆ? ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ. ಸಾಲದ ವ್ಯವಹಾರ ಮಾಡುವಾಗ ಬರೆದಿಡುವುದರ ಬಗ್ಗೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿ ಇರಬೇಕು, ಸ್ವತಃ ಹೇಳಿ ಬರೆಸಲಾಗದ ದುರ್ಬಲನ ಪರವಾಗಿ ಅವನ ಪೋಷಕ ಹೇಳಿ ಬರೆಸಬೇಕು. ನಾವು ಎರಡು ವರ್ಷದ ಹಿಂದೆ ಆ ಹುಡುಗನ ಕಾಗದ ಓದದೆ ಕಳಿಸಿದಾಗ ಈ ಪಾಠವನ್ನು ಕಲಿಸುವವರು ನಾವೇ ಆಗಿದ್ದೆವು ಎನ್ನುವುದು ಈಗ ನೆನಪಾದರೆ ನಾಚಿಕೆಯಾಗುತ್ತದೆ. ಅವನ ಬಾಪ ದಮ್ಮಾಮಿನಲ್ಲಿದ್ದರು. ಪೋಷಕನ ಸ್ಥಾನದಲ್ಲಿ ಓದಿ ಹೇಳಬೇಕಾದವರು ನಾವಿದ್ದೆವು.

ಆದ್ದರಿಂದ ಮನೆಗಳಲ್ಲಿ ಹಾಡುವ ಮಕ್ಕಳಿರುವ ಹೆತ್ತವರಿಗೆ ನಮ್ಮ ಮಾತು ಇದು. ಸಹಿ ಹಾಕುವ ಮೊದಲು ಕಾಗದವನ್ನು ಮನೆಗೆ ತನ್ನಿ, ಅರ್ಥ ಆಗುವ ಭಾಷೆಯಲ್ಲಿ ಓದಿಸಿ. 18 ಆಗದ ಮಕ್ಕಳಿಂದ ಸಹಿ ಹಾಕಿಸಬೇಡಿ. ಎಷ್ಟು ವರ್ಷಕ್ಕೆ, ಎಷ್ಟು ಪಾಲು, ಲೆಕ್ಕ ಯಾವಾಗ ಎನ್ನುವ ಮೂರು ಪ್ರಶ್ನೆಗೆ ಉತ್ತರ ಕಾಗದದಲ್ಲೇ ಇರಬೇಕು. ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ. ಹಾಡು ಬರೆದ ದಿನ ಪುಸ್ತಕದಲ್ಲಿ ತಾರೀಖು ಹಾಕಿ ಇಟ್ಟುಕೊಳ್ಳಿ, ನಿಮ್ಮ ಮೊಬೈಲಿನಲ್ಲಿ ಒಮ್ಮೆ ಹಾಡಿಸಿ ಇಟ್ಟುಕೊಳ್ಳಿ.

ಮೀಲಾದ್ ಸಮಿತಿ, ಬುರ್ದಾ ಮಜ್ಲಿಸ್ ನಡೆಸುವವರಿಗೂ ಒಂದು ವಿನಂತಿ. ಸ್ಟೇಜಿಗೆ, ಲೈಟಿಗೆ, ಮೈಕಿಗೆ, ಬಿರಿಯಾನಿಗೆ ಬಿಲ್ ಕೊಡುತ್ತೇವೆ. ರಾತ್ರಿ ಎರಡು ಗಂಟೆವರೆಗೆ ಹಾಡಿದ ಹುಡುಗರ ಬಸ್ ಚಾರ್ಜು ಕೇಳುವವರು ಇಲ್ಲ. ಬಂದವರು ರೆಕಾರ್ಡ್ ಮಾಡಿ ಚಾನೆಲಿಗೆ ಹಾಕುವುದಾದರೆ ಹಾಡಿದವರ ಒಪ್ಪಿಗೆ ಕೇಳಲಿ. ನಮ್ಮ ಬ್ಯಾರಿ ಸಾಹಿತ್ಯ ಅಕಾಡೆಮಿಯವರು ಬ್ಯಾರಿ ಮತ್ತು ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರು ಪತ್ರ ತಯಾರು ಮಾಡಿ ಹಂಚಿದರೆ ಅದು ಹತ್ತು ಕವಿಗೋಷ್ಠಿಗಿಂತ ದೊಡ್ಡ ಉಪಕಾರ.

“ಪ್ರವಾದಿಯ ಮೇಲೆ ಹಾಡಿದ್ದಕ್ಕೆ ದುಡ್ಡು ಕೇಳುವುದಾ?” ಎಂದು ಕೆಲವರು ಈಗಾಗಲೇ ನಮ್ಮನ್ನು ಕೇಳಿದ್ದಾರೆ. ಹಾಡಿದವನು ಬೇಡ ಎಂದರೆ ಅದು ಅವನ ಇಖ್ಲಾಸ್. ಅವನ ಪರವಾಗಿ ಬೇಡ ಎಂದು ಹೇಳಿ, ಬಂದದ್ದನ್ನು ತಾನು ಇಟ್ಟುಕೊಳ್ಳುವವನದ್ದನ್ನು ಇಖ್ಲಾಸ್ ಎಂದು ಯಾವ ಕಿತಾಬಿನಲ್ಲೂ ನಾವು ಓದಿಲ್ಲ.

ಹುಡುಗನ ವಿಷಯ ಇನ್ನೂ ಮುಗಿದಿಲ್ಲ. ಚಾನೆಲಿನವರು ಹಾಡಿನ ಕೆಳಗೆ ಸಾಹಿತ್ಯ ಅವನದ್ದು ಎಂದು ಈಗ ಬರೆದಿದ್ದಾರೆ. ಅಕ್ಕನ ಮೈಲಾಂಜಿಯ ವೀಡಿಯೋದ ಮೇಲಿನ ಹಕ್ಕಿನ ದೂರು ಹಿಂದೆ ತೆಗೆದುಕೊಂಡಿದ್ದಾರೆ. ಹಣದ ಲೆಕ್ಕ ತೋರಿಸುತ್ತೇವೆ ಎಂದಿದ್ದಾರೆ, ತೋರಿಸಿಲ್ಲ. ನಾವು ಮತ್ತೆ ಹೋಗುವವರಿದ್ದೇವೆ. ಮೊನ್ನೆ ಅವನು ಹೊಸದೊಂದು ಹಾಡು ಬರೆದು ತಂದಿದ್ದ. ಜೊತೆಗೆ ಇನ್ನೊಂದು ಕಡೆಯವರು ಕೊಟ್ಟ ಕಾಗದವೂ ಇತ್ತು. ಈ ಸಲ ಬೆನ್ನು ತಟ್ಟುವ ಮೊದಲು ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದೆವು. ಮೂರು ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, “ಇದನ್ನು ಕೇಳಿ ಬಾ, ಆಮೇಲೆ ಸಹಿ” ಎಂದು ಕಳಿಸಿದ್ದೇವೆ.